ಡೋಣಿಯ ಪಾತರಗಿತ್ತಿ ಉತ್ಸವ

ಬಿಸಿಲಿನಲ್ಲೂ ನಗುತ್ತ ಕುಳಿತಿರುವ ಮಾನ್ಯ ಅಧ್ಯಕ್ಷರೇ, ದಾರಿಯ ದೂಳು ಕುಡಿದು ಬಂದ ಮುಖ್ಯ ಅತಿಥಿಗಳೇ, ಡೋಣಿಯ ಗುರುಹಿರಿಯರೇ, ನೆರಳು ಹುಡುಕಿ ಕುಳಿತ ಸಭಿಕರೇ,

ಉತ್ಸವ ಸಮಿತಿಯ ಕಾರ್ಯದರ್ಶಿಯಾಗಿ ಈ ಹುಚ್ಚೀರಪ್ಪ ಎರಡು ಮಾತು ಆಡುತ್ತಾನೆ. ಈ ಒಣ ನೆಲದಲ್ಲಿ ಏನಿದೆ ಎಂದು ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿದೆ. ಉಗುರಿನಷ್ಟು ನೀಲಿ ಪಾತರಗಿತ್ತಿ! ಬಿಸಿಲು ಏರಿದಷ್ಟೂ ಅದಕ್ಕೆ ಹುರುಪು. ಗುರುತಿಸಿದವಳು ಯಾರು? ಕಾಲೇಜು ಓದುವ ನನ್ನ ಮಗಳು ಸುಶ್ಮಿತಾ. ಅವಳು ಜಾಲಿಕಂಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಊರವರು, "ಹೆಸರು ಅಪ್ಪಗ, ಹುಚ್ಚು ಮಗಳಿಗೆ" ಎಂದರು. ಪೇಪರಿನಲ್ಲಿ ಫೋಟೋ ಬಂದ ಮೇಲೆ ಅವರೇ ಸಮಿತಿ ಸೇರಿದರು. ಸಂತೋಷ.

ಇಂಥ ಜೀವಿಗೆ ಉತ್ಸವ ಬೇಡವೇ? ಉತ್ಸವಕ್ಕೆ ಪೆಂಡಾಲು ಬೇಡವೇ? ಪೆಂಡಾಲಿಗೆ ಜಾಗ ಸ್ವಚ್ಛವಾಗಬೇಡವೇ? ಆದ್ದರಿಂದ ಸಭೆ ಕೂಡಿ ತೀರ್ಮಾನಿಸಿ, ಇಲ್ಲಿದ್ದ ಜಾಲಿಯನ್ನೆಲ್ಲ ನಿನ್ನೆ ಕಡಿಸಿದೆವು. ತೀರ್ಮಾನವಾದ ದಿನವೇ ಸುಶ್ಮಿತಾ ಅಡ್ಡ ಬಂದಿದ್ದಳು. "ಅಪ್ಪಾ, ಅವು ತತ್ತಿ ಇಡೂದs ಜಾಲಿ ಮೊಗ್ಗಿನ್ಯಾಗ. ಕಡಿದ್ರ ಅವು ಎಲ್ಲಿಗಿ ಹೋಗಬೇಕು?" ನಾನೂ ಬಿಡಲಿಲ್ಲ. "ಬಂದ ದೊಡ್ಡವರ ಕಾಲಾಗ ಮುಳ್ಳ ಮುರಿದ್ರ ಊರ ಮರ್ಯಾದಿ ಎಲ್ಲಿಗಿ ಹೋಗಬೇಕವಾ?" ಎಂದೆ.

ಅಂದಿನಿಂದ ಮಾತು ಬಿಟ್ಟಿದ್ದಾಳೆ. ರೊಟ್ಟಿ ನೀಡುತ್ತಾಳೆ, ಮುಖ ನೋಡುವುದಿಲ್ಲ. ತಾಯಿಯಿಲ್ಲದ ಮಗು, ನಾನೇ ಹೆರಳು ಹಾಕಿ ಬೆಳೆಸಿದ್ದು. ಈಗ ಟಿ.ವಿ. ಹಚ್ಚಿಕೊಂಡು ಉಣ್ಣುತ್ತೇನೆ, ಮನೆಯಲ್ಲಿ ಯಾರೋ ಮಾತಾಡಿದ ಹಾಗಾದರೂ ಇರಲಿ ಎಂದು. ಇದು ಇಲ್ಲಿ ಹೇಳುವ ಮಾತಲ್ಲ, ಬಿಡಿ.

ಪಾತರಗಿತ್ತಿ ಎಲ್ಲಿ ಎಂದು ಮುಖ್ಯ ಅತಿಥಿಗಳು ಆಗಲೇ ಕೇಳಿದರು. ಅಗೋ, ಸಿಮೆಂಟಿನದು, ಎಮ್ಮೆಯಷ್ಟು ದೊಡ್ಡದು! ಹಿಂದೆ ಕುಳಿತವರಿಗೂ ಕಾಣುತ್ತದೆ. ಖರೇ ಪಾತರಗಿತ್ತಿಯಲ್ಲಿ ಈ ಅನುಕೂಲವಿರಲಿಲ್ಲ.

ಕಡಿದ ಜಾಲಿಯನ್ನೂ ನಾವು ಹಾಳುಮಾಡಿಲ್ಲ. ಅದೇ ಉರಿಯಲ್ಲಿ ಯಮನೂರಪ್ಪ ನಿಮಗೆಲ್ಲ ಚಹಾ ಕುದಿಸುತ್ತಿದ್ದಾನೆ. ಹಸಿ ಕಟ್ಟಿಗೆ, ಹೊಗೆ ತುಸು ಜಾಸ್ತಿ, ಸಹಿಸಿಕೊಳ್ಳಬೇಕು. ಅದೇನು ಅಲ್ಲಿ ಗದ್ದಲ? ಸುಶ್ಮಿತಾ! ಬಿಡವಾ, ಕೈ ಸುಡತೈತಿ! ಕ್ಷಮಿಸಿ ಸಭಿಕರೇ, ಒಲೆಯ ಬಾಯಿಂದ ಟೊಂಗೆ ಎಳೆಯುತ್ತಿದ್ದಾಳೆ. ಈ ಕಡೆಯೇ ಬಂದಳು. ಮುಳ್ಳು ಚುಚ್ಚಿ ಕೈಯೆಲ್ಲ ರಕ್ತ. ಟೊಂಗೆಯ ತುದಿಯಲ್ಲಿ ಹಸಿರು ಹುಳ, ಪಾತರಗಿತ್ತಿಯ ಮರಿ, ಜೀವ ಇದೆ, ಅಲುಗುತ್ತಿದೆ.

"ಅಪ್ಪಾ" ಎಂದಳು. ಕೇಳಿದಿರಾ? ಅಪ್ಪಾ ಎಂದಳು!

ಯಮನೂರಪ್ಪಾ, ಒಲಿಗೆ ನೀರ ಸುರೀಲೇ, ಜಲ್ದಿ!

ಮಾನ್ಯರೇ, ಇವತ್ತು ಚಹಾ ಇರುವುದಿಲ್ಲ. ಬಂದ ತಮಗೆಲ್ಲ ಧನ್ಯವಾದ. ನಮಸ್ಕಾರ.