ಕಿನ್ನರಿಯ ಕೊನೆಯ ಸೊಲ್ಲು

ಒಂದೂರು. ಊರೆಂದ ಮೇಲೆ ಒಬ್ಬ ಶ್ರೀಮಂತ ಇರಲೇಬೇಕಲ್ಲ, ಅಲ್ಲಿಯೂ ಇದ್ದ. ಅಕ್ಕಿ ಗಿರಣಿಯ ಯಜಮಾನ, ಐವತ್ತೈದರ ವಯಸ್ಸು. ಕೆಟ್ಟವನೇ? ಅಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ, ಪೂಜೆಯಾಗದೆ ತೊಟ್ಟು ನೀರು ಬಾಯಿಗೆ ಹಾಕದವನು. ಅವನಿಗಿದ್ದದ್ದು ಒಂದೇ ರೋಗ. ಬಾಗಿಲಿಗೆ ಯಾರಾದರೂ ಬಂದು ಹಾಡಿದರೆ, ಪತ್ರಿಕೆಯಿಂದ ತಲೆ ಎತ್ತದೆ ‘ಮುಂದಕ್ಕೆ ಹೋಗಪ್ಪಾ’ ಎನ್ನುವುದು.

ಹೆಂಡತಿ ಬೊಗಸೆಯಲ್ಲಿ ಅಕ್ಕಿ ಹಿಡಿದು ಎದ್ದರೆ ತಡೆಯುತ್ತಿದ್ದ. “ಕೂತ್ಕೊಳ್ಳೇ. ಹಿಂದಿನ ಜನ್ಮದಲ್ಲಿ ಮಾಡಿದ್ದನ್ನ ಅವರು ಉಣ್ತಿದಾರೆ. ನಾನು ಮಾಡಿದ್ದನ್ನ ನಾನು ಉಣ್ತಿದೀನಿ.” ನೋಡಿ, ಹಿಂದಿನ ಜನ್ಮಕ್ಕೆ ಹೋಗಿ ಕಣ್ಣಾರೆ ಕಂಡು ಬಂದವನ ಹಾಗೆ ಮಾತು. ಸರಿ, ಕಾಣುವ ದಿನವೂ ಬಂತು.

ಒಂದು ಬೆಳಿಗ್ಗೆ ಗೇಟಿನ ಬಳಿ ಕಿನ್ನರಿ ಜೋಗಿಯೊಬ್ಬ ಬಂದು ನಿಂತ. ಕಿನ್ನರಿ ಕಂಡಿದ್ದೀರಲ್ಲ? ಬಿದಿರಿನ ಕೋಲಿಗೆ ಸೋರೆಬುರುಡೆ ಕಟ್ಟಿ, ತಂತಿ ಬಿಗಿದು ನುಡಿಸುವುದು. ಜೋಗಿಗೆ ಎಪ್ಪತ್ತರ ಹತ್ತಿರ. ತಂತಿ ಮೀಟಿದ್ದೇ ತಡ, ಶ್ರೀಮಂತನ ಬಾಯಿ ರೂಢಿಯಂತೆ ಅಂದಿತು, “ಮುಂದಕ್ಕೆ ಹೋಗಪ್ಪಾ.” ಮುದುಕ ಬೇಸರಪಡಲಿಲ್ಲ. ನುಡಿಸುತ್ತ ಹಾಡುತ್ತಲೇ ನಡೆದ. ಪದ ಬೀದಿಯುದ್ದಕ್ಕೂ ಕೇಳಿಸುತ್ತ ಹೋಗಿ, ತಿರುವಿನಲ್ಲಿ ಪಟ್ಟನೆ ನಿಂತಿತು.

ಮುಗಿದು ನಿಂತದ್ದಲ್ಲ, ಮುಗಿಯದೆ ನಿಂತದ್ದು. ಅದು ಇವನಿಗೆ ಹೇಗೆ ತಿಳಿಯಿತು? ಸಂಗೀತದ ಗಂಧವಿಲ್ಲದ ಮನುಷ್ಯ. ಭಜನೆಯಲ್ಲಿ ಇವನು ದನಿ ಎತ್ತಿದರೆ ಪಕ್ಕದವರು ಜಾಗ ಬದಲಿಸುತ್ತಿದ್ದರು. ಅಂಥವನ ಗಂಟಲಿನಲ್ಲಿ ಪದದ ಉಳಿದ ಸೊಲ್ಲು, ಆ ಕೊನೆಯ ಸಾಲು, ತಾನಾಗಿ ಎದ್ದಿತು. ಎಡಗೈ ಬೆರಳುಗಳು ಪತ್ರಿಕೆಯ ಮೇಲೆ ಇಲ್ಲದ ತಂತಿಯನ್ನು ಒತ್ತತೊಡಗಿದವು. ಹೆಗಲಿಗೆ ಬುರುಡೆಯ ಭಾರ ಬಂತು. ಮೂಗಿಗೆ ಕಾದ ಮೇಣದ ವಾಸನೆ ಬಂತು, ಕಿನ್ನರಿಯ ಕೋಲಿಗೆ ಬೆರಳೊತ್ತುವ ಮೆಟ್ಟುಗಳನ್ನು ಕೂರಿಸುವ ಮೇಣ.

ಆಮೇಲೆ ಬಂತು ನೋಡಿ, ಈ ಜನ್ಮದ್ದಲ್ಲದ ಒಂದು ಮಧ್ಯಾಹ್ನ. ಸುಡುವ ಮಣ್ಣು, ಜ್ವರದ ಮೈ, ಯಾರದೋ ಮುಚ್ಚಿದ ಬಾಗಿಲು. ಪಕ್ಕದಲ್ಲಿ ಏಳೆಂಟು ವರ್ಷದ ಮಗ. ಪದ ಮುಗಿಸಿ ಒಂದು ಲೋಟ ನೀರು ಕೇಳಬೇಕು, ಅಷ್ಟೇ ಆಸೆ. ಕೊನೆಯ ಸೊಲ್ಲಿಗೆ ಬರುವಷ್ಟರಲ್ಲಿ ಒಳಗಿನಿಂದ ದನಿ: ‘ಮುಂದಕ್ಕೆ ಹೋಗಪ್ಪಾ.’ ಮುಂದಕ್ಕೆ ಹೋಗಲು ಕಾಲಿನಲ್ಲಿ ಶಕ್ತಿಯಿರಲಿಲ್ಲ. ಬೇವಿನ ಬುಡದಲ್ಲಿ ಕುಸಿದ. ಕಡೆಗೆ ಕಂಡದ್ದು, ಓಡುತ್ತ ಒಮ್ಮೆ ತಿರುಗಿ ನೋಡಿದ ಮಗನ ಮುಖ. ಬಲಹುಬ್ಬಿನ ಮೇಲೆ ಮೇಣ ಸಿಡಿದು ಸುಟ್ಟ ಕಲೆ. ಮಗ ಎಲ್ಲಿಗೆ ಓಡಿದ? ಅದು ಮಾತ್ರ ನೆನಪಿಗೆ ಬರಲಿಲ್ಲ.

ಶ್ರೀಮಂತ ಎದ್ದು ಓಡಿದ. ಕಾಲಿಗೆ ಚಪ್ಪಲಿ ಇಲ್ಲ, ಮೈಮೇಲೆ ಅಂಗಿ ಇಲ್ಲ. ಒಂದು ಓಣಿ ನೋಡಿದ, ಇನ್ನೊಂದು ಓಣಿ ನೋಡಿದ. ಇಲ್ಲ. ಸಿಕ್ಕಿದ್ದು ಮತ್ತೆ ಕೈತಪ್ಪಿತೇ? ಊರಾಚೆ ಬಸ್ಸಿನ ಮೆಟ್ಟಿಲಿಗೆ ಕಾಲಿಡುತ್ತಿದ್ದ ಮುದುಕನ ರಟ್ಟೆ ಹಿಡಿದ.

“ಅಜ್ಜಾ, ಆ ಪದ ಯಾಕೆ ಅರ್ಧಕ್ಕೇ ಬಿಟ್ಟೆ?”

“ನಂಗ್ ಬರೋದೇ ಅಷ್ಟು ಸಾವ್ಕಾರ್ರೇ. ಪೂರಾ ಕಲಿಸೋಕ್ ಮುಂಚೇನೇ ಅಪ್ಪ ದಾರೀಲಿ ತೀರ್ಕಂಡ. ಸಣ್ಣೋನಿದ್ದೆ, ಕೇಳಿದ್ದು ಮರ್ತೋತು. ಬೇರೇರ್ ಸೊಲ್ಲು ತಂದು ಸೇರಿಸಬಾರ್ದು ಅಂತ ನಮ್ಮಲ್ಲಿ ಕಟ್ಟಳೆ ಐತೆ. ಅರವತ್ತು ವರ್ಷದಿಂದ ಅಲ್ಲಿಗೆ ಬಂದು ನಿಲ್ಲಿಸ್ತೀನಿ. ಮಿಕ್ಕಿದ್ದು ಅಪ್ಪನ ಪಾಲು.”

ಆಗ ಶ್ರೀಮಂತ ಅವನ ಮುಖ ನೋಡಿದ. ಬಾಗಿಲಿಗೆ ಬಂದವನ ಮುಖ ಅವನು ನೋಡಿದ್ದು ಅದೇ ಮೊದಲು. ನೆರೆತ ಬಲಹುಬ್ಬಿನ ಮೇಲೆ ಸುಟ್ಟ ಕಲೆ ಇತ್ತು.

ಹಾಡಿದ. ಆ ಕೊನೆಯ ಸೊಲ್ಲನ್ನು, ಒಂದು ಸ್ವರ ಆಚೀಚೆಯಾಗದೆ, ಆ ಬಸ್ಸಿನ ಹೊಗೆಯಲ್ಲಿ ನಿಂತು ಹಾಡಿದ. ಮುದುಕ ಬಸ್ಸಿನ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟ. ತನಗಿಂತ ಹದಿನೈದು ವರ್ಷ ಚಿಕ್ಕವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಮಗುವಿನ ಹಾಗೆ ಅಂದ, “ನೀರು ತರಾಕ್ ಹೋಗಿದ್ದೆ ಕಣಪ್ಪಾ. ಯಾರೂ ಕೊಡ್ಲಿಲ್ಲ.”

ಇದು ನಡೆದದ್ದೇ ಎಂದು ನನ್ನನ್ನು ಕೇಳಬೇಡಿ. ಹಿಂದಿನ ಜನ್ಮವನ್ನು ನಾನೂ ಕಂಡವನಲ್ಲ. ಆದರೆ ಈ ಮಾತು ಹೇಳುವಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ಆ ಪತ್ರಿಕೆ ಓದುವವನು ನನಗೆ ಗೊತ್ತು. ನಿಮಗೆ ಗೊತ್ತಿಲ್ಲವೇ? ‘ಮುಂದಕ್ಕೆ ಹೋಗಪ್ಪಾ’ ಎಂದು ಒಮ್ಮೆಯೂ ಅನ್ನದವರು ಇಲ್ಲಿ ಯಾರಿದ್ದೀರಿ, ಕೈ ಎತ್ತಿ ನೋಡೋಣ. ಬೇಡ ಬಿಡಿ, ನಾನೂ ಎತ್ತಲಾರೆ.

ಅವರವರ ಕರ್ಮ ಎನ್ನುತ್ತೇವೆ. ಯಾರ ಕರ್ಮ, ಯಾರ ಮಗ, ನಮಗೇನು ಗೊತ್ತು? ಹೋದ ಜನ್ಮದಲ್ಲಿ ನಾವು ಬಿಟ್ಟು ಬಂದವರು ಯಾವ ಬೀದಿಯಲ್ಲಿ ನಮ್ಮನ್ನು ಹುಡುಕುತ್ತಿದ್ದಾರೋ ಯಾರು ಬಲ್ಲರು? ಅದಕ್ಕೇ ಹೇಳುತ್ತೇನೆ, ನಾಳೆ ಬೆಳಿಗ್ಗೆ ಗೇಟಿನ ಬಳಿ ದನಿ ಕೇಳಿದರೆ ಕುಳಿತಲ್ಲಿಂದ ಕೂಗಬೇಡಿ. ಅಕ್ಕಿ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಏಳಿ, ಬಾಗಿಲವರೆಗೆ ಬನ್ನಿ, ಮುಖ ನೋಡಿ, ಪದ ಮುಗಿಯುವವರೆಗೆ ನಿಂತು ಕೇಳಿ. ಬರುವಾಗ ಕೈಯಲ್ಲಿ ಒಂದು ಲೋಟ ನೀರಿರಲಿ.