ಹುಳ ತಿಂದ ಎಲೆ

ನಾವೆಲ್ಲ ಗೌರವದಿಂದ ‘ದೋನ್ಯಾ’ ಎನ್ನುತ್ತಿದ್ದ, ಈಗ ನಮ್ಮನ್ನಗಲಿದ ಎಲ್ಪಿದಿಯಾ ಅವರ ಮಗಳು ಆಂಪಾರೊ ಅವರೇ, ತೆಹುವಾಂತೆಪೆಕ್‌ನ ಕಸೂತಿ ಅಕ್ಕಂದಿರೇ, ನನ್ನ ಹಾಗೆ ಮಖಮಲ್ಲಿನ ಮೇಲೆ ಹೂ ಬರೆದು ಬದುಕುವ ಗೆಳೆಯರೇ — ಎಲ್ಲರಿಗೂ ನಮಸ್ಕಾರ.

ಹೊಗಳಲು ಬಂದಿದ್ದೇನೆ. ಆದರೆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಮುಚ್ಚಿಡುವುದಿಲ್ಲ.

ನಾವೆಲ್ಲ ಗುಲಾಬಿ ಬರೆದೆವು — ದುಂಡಗೆ, ಅಚ್ಚು ಒತ್ತಿದ ಹಾಗೆ. ದೋನ್ಯಾ ಎಲ್ಪಿದಿಯಾ ಹೊಳೆದಂಡೆಗೆ ಹೋಗಿ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬೇರು ಬರೆದರು, ಬಾಡಿದ ಮೊಗ್ಗು ಬರೆದರು, ಹುಳ ತಿಂದ ಎಲೆ ಬರೆದರು. ನೋಡಿ, ಇಷ್ಟೇ ಇಷ್ಟು — ಕಿರುಬೆರಳ ಉಗುರಿನಷ್ಟು ತೂತು. ಅದನ್ನು ಕಂಡು ಎರಡು ದಿನ ನನಗೆ ಊಟ ಸೇರಲಿಲ್ಲ. ನನಗೇಕೆ ಹೊಳೆಯಲಿಲ್ಲ? ನನಗೇಕೆ?

ನಮ್ಮ ಕೆಲಸ ನಿಮಗೆ ಗೊತ್ತು. ನಾವು ಬಿಳಿ ಬಣ್ಣದಲ್ಲಿ ಗೆರೆ ಎಳೆಯುತ್ತೇವೆ. ಕಸೂತಿಯ ನೂಲು ಬಂದು ಗೆರೆಯನ್ನು ನುಂಗುತ್ತದೆ. ಆಮೇಲೆ ಸಾಕ್ಷಿಯಿಲ್ಲ.

ಅದೇ ನನಗೆ ಸುಳ್ಳು ಹೇಳುವ ಧೈರ್ಯ ಕೊಟ್ಟಿತು. ಹುಳ ತಿಂದ ಎಲೆಯ ಆ ಬಟ್ಟೆ ಹಿಡಿದು, ಅದಕ್ಕೆ ಕಸೂತಿ ಹಾಕುತ್ತಿದ್ದ ತೊಮಾಸಾ ಅಕ್ಕ ನನ್ನ ಬಳಿ ಬಂದರು.

"ಏನಪ್ಪಾ ಹಿಲಾರಿಯೊ, ಎಲೇಲಿ ತೂತು ಬಿಟ್ಟವ್ರಲ್ಲ ನಿಮ್ಮ ದೋನ್ಯಾ! ಕಣ್ಣು ಮಂಜಾಯ್ತಾ?"

"ಕೈ ತಪ್ಪಿರ್ಬೇಕು ಅಕ್ಕ. ತುಂಬ್ಬಿಡಿ."

ಅಕ್ಕ ನೂಲಿನಿಂದ ತೂತು ತುಂಬಿದರು. ದೋನ್ಯಾ ಸಂತೆಯ ನಡುವೆಯೇ ಬೈದರು: "ಹುಳ ಬರೀ ಎಲೆ ತಿಂತು ಕಣೇ ತೊಮಾಸಾ, ನೀನು ನನ್ನ ಗಿಡಾನೇ ತಿಂದೆ!" ಆಮೇಲೆ ಅಕ್ಕನಿಗೆ ಕಸೂತಿಗೆಂದು ಒಂದು ಬಟ್ಟೆಯನ್ನೂ ಕೊಡಲಿಲ್ಲ. ಅಕ್ಕ ನನ್ನ ಹೆಸರು ಹೇಳಲಿಲ್ಲ.

ದುಡಿಯುವವರ ಪರವಾದ ಕರಪತ್ರಗಳನ್ನು ಓದಿ ಇದೇ ಚೌಕದಲ್ಲಿ ಗಂಟಲು ಹರಿದುಕೊಂಡವನು ನಾನು. ದುಡಿದ ಹೆಂಗಸಿನ ತಲೆಗೆ ನನ್ನ ತಪ್ಪು ಕಟ್ಟಿ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ತಪ್ಪು ನನ್ನದು. ಕೇಳಿಸಿತೇ? — ನನ್ನದು.

ಆಂಪಾರೊ ಅವರೇ, ಅಮ್ಮನ ಕೊನೆಯ ಬಟ್ಟೆಯನ್ನು ನಿನ್ನೆ ನನ್ನ ಮುಂದೆ ಹರಡಿ, ಅರ್ಧಕ್ಕೆ ನಿಂತ ಬಳ್ಳಿಯನ್ನು ಮುಗಿಸಿಕೊಡು ಎಂದಿರಿ. ಆಸೆಯಾಯಿತು — ನನ್ನ ಗೆರೆ ಅವರ ಗೆರೆಯ ಪಕ್ಕದಲ್ಲಿ! ಕುಂಚವನ್ನೂ ಅದ್ದಿದೆ. ಅವರ ಬಳ್ಳಿ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಹಾಗಿತ್ತು. ನಾನು ಮುಟ್ಟಿದರೆ ಅಲ್ಲಿಗೇ ಸಾಯುತ್ತಿತ್ತು. ಅವರ ಪಕ್ಕ ಬರೆಯುವ ಈ ಆಸೆಯೂ ಹೊಟ್ಟೆಕಿಚ್ಚೇ. ಮುಗಿಸುವುದಿಲ್ಲ. ಆ ಬಟ್ಟೆಯನ್ನು ಇದ್ದ ಹಾಗೆಯೇ ಕಸೂತಿ ಹಾಕಲು ತೊಮಾಸಾ ಅಕ್ಕನಿಗೆ ಕೊಡಿ. ಅಕ್ಕ, ಈ ಸಲ ನನ್ನನ್ನು ಏನೂ ಕೇಳಬೇಡಿ.

ಇನ್ನು ದೋನ್ಯಾ ಎಲ್ಪಿದಿಯಾ ಅವರಿಗಾಗಿ ಎದ್ದು ನಿಂತು ಒಂದು ನಿಮಿಷ ಮೌನವಾಗಿರೋಣ. ತೊಮಾಸಾ ಅಕ್ಕ, ಮೊದಲು ನೀವು ಏಳಿ. ನಿಮ್ಮ ಹಿಂದೆ — ನಾವೆಲ್ಲ.