ಕೇಳಿಸಿದ್ದು ಒಂದೇ ‘ಸರಿ’

ಕಿವಿ ವೈದ್ಯರಿಗಾಗಿ ಕಾಯುತ್ತಿದ್ದ ದರ್ಜಿಗೆ ಪಕ್ಕದ ಬೆಂಚಿನ ಅಣ್ಣ-ತಂಗಿಯರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ತಂಗಿ ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವವಳು.

“ಇಳಿ ಅಂದಿದ್ದು ಒಂದಕ್ಕೆ ಕಣಣ್ಣ. ಎರಡೂ ಒಟ್ಟಿಗೇ ಕೆಳಗಿಳಿಯೋಕೆ ಶುರು ಮಾಡಿದ್ವು. ವಿಮಾನಗಳ ನಂಬರ್ ಒಂದೇ ಥರ ಇದ್ವು.”

“ಪೈಲಟ್‌ಗಳು ಉತ್ತರ ಕೊಡಲ್ವಾ?”

“ಇಬ್ರೂ ಒಟ್ಟಿಗೇ ಕೊಟ್ರು. ನಂಗೆ ಕೇಳಿಸಿದ್ದು ಒಂದೇ ‘ಸರಿ’.”

“ಡಿಕ್ಕಿ ಕೂದಲೆಳೆ ಅಂತರದಲ್ಲಿ ತಪ್ಪಿತಲ್ಲ, ಬಿಡು.”

“ಮುನ್ನೂರು ಜನ ಇದ್ರು.”



“ನಿನ್ ಕಿವಿಗೇನೂ ಆಗಿರಲ್ಲ, ನೋಡ್ತಿರು.”

“ಅದೇ ಭಯ. ಕಿವಿ ನೆಟ್ಟಗಿದ್ದೂ ಹೀಗಾಯ್ತು ಅಂದ್ರೆ, ನಾಳೆ ಯಾವ ಧೈರ್ಯದಲ್ಲಿ ಮೈಕ್ ಮುಂದೆ ಕೂರಲಿ?”

ನರ್ಸ್ ಕರೆದಳು. ತಂಗಿ ಏಳಲಿಲ್ಲ.

“ನಿನ್ನೇ ಕಣೇ.”

“ನನ್ನೇ ತಾನೆ? ಸರಿಯಾಗಿ ಕೇಳಿಸ್ಕೊಂಡ್ಯಾ?”

ಎರಡನೇ ಸಲವೂ ಅದನ್ನೇ ಕೇಳಿ, ಅಣ್ಣನ ತೋಳು ಹಿಡಿದುಕೊಂಡು ಅವಳು ಒಳಗೆ ಹೋದಳು.